ನನ್ನ ಗುರುತಿಲ್ಲದವರ ಶಿಫಾರಸು

ಎಂ.ಎಸ್. ಅರ್ಜಿಗೆ ಇನ್ನೊಂದು ಶಿಫಾರಸು ಪತ್ರ ಬೇಕಿತ್ತು. ಲ್ಯಾಬ್ ಮೇಡಂಗೆ ನಾನು ಚೆನ್ನಾಗಿ ಗೊತ್ತು. ಅದಕ್ಕೇ ಅವರನ್ನ ಕೇಳಲಿಲ್ಲ. ತಡವಾದಾಗಲೆಲ್ಲ "ಟಿನ್ ಫ್ಯಾಕ್ಟರಿ ಸಿಗ್ನಲ್ಲಲ್ಲಿ ಟ್ರಾಫಿಕ್" ಅಂತ ಬುರುಡೆ ಬಿಡ್ತಿದ್ದೆ. ಮೇಡಂ ಬರ್ತಿದ್ದದ್ದೂ ಅದೇ ದಾರೀಲಿ.

ನನ್ನ ಮುಖವೇ ಗೊತ್ತಿಲ್ಲದ ಹೆಚ್‌ಓಡಿಗೆ ಫೋನ್ ಮಾಡಿದೆ. "ನೀನೇ ಬರ್ಕೊಂಡ್ ಬಾಮ್ಮ, ಸೈನ್ ಹಾಕ್ತೀನಿ" ಅಂದರು. ಎಲ್ಲರಿಗೂ ಹಾಗೇ ಹೇಳ್ತಾರೆ, ಆಮೇಲೆ ಯಾರಿಗೆ ಹೇಳಿದ್ದು ಅಂತ ಮರೀತಾರೆ.

ಸಂಕೋಚವಿಲ್ಲದೆ ನನ್ನನ್ನೇ ಹೊಗಳಿ ಬರೆದೆ. ಕುಕ್ ಟೌನಿನ ತಮ್ಮ ಮನೆಯಲ್ಲಿ ಹೆಚ್‌ಓಡಿ ಸರ್ ಅದನ್ನ ಎರಡು ಸಲ ಓದಿದರು.

"ಎಂಥಾ ಹುಡುಗಿ! ನಮ್ಮಲ್ಲೇ ಓದಿದ್ಳಾ? ನಿನ್ನ ಫ್ರೆಂಡಾ?"

ನಾನೇ ಅನ್ನೋಕೆ ಬಾಯಿ ಬರಲಿಲ್ಲ. "ಹೂಂ ಸರ್" ಅಂದುಬಿಟ್ಟೆ.

ಖುಷಿಯಾಗಿ ಸೈನ್ ಹಾಕಿದರು. "ಒಂದ್ಸಲ ಕರ್ಕೊಂಡ್ ಬಾಮ್ಮ, ಅವಳನ್ನ ನೋಡ್ಬೇಕು."

ನೋಡಬೇಕು ಅಂತ ನನಗೂ ಬಹಳ ಆಸೆ.