ಇರುವೆ ಮುಟ್ಟದ ಉಂಡೆ

ಓಮಲೂರಿನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಹೊಸ ತಿಂಡಿ ಯಾವುದನ್ನೂ ಸುಲಭಕ್ಕೆ ನಂಬುತ್ತಿರಲಿಲ್ಲ. ಮೊದಲು ಮೂಸುವಳು, ಬೆರಳಲ್ಲಿ ಒತ್ತುವಳು, ಆಮೇಲೆ ಜಗುಲಿಯ ಮೇಲಿಟ್ಟು ಕಾಯುವಳು. "ಇರುವೆ ಮುಟ್ಟದ್ದ ನಾನೂ ಮುಟ್ಟಾಕಿಲ್ಲ" ಎನ್ನುವುದು ಅವಳ ಮಾತು.

ತೊಂಬತ್ತರ ದಶಕದಲ್ಲಿ ಹೊಲಿಗೆ ಕ್ಲಾಸಿನ ಗೆಳತಿಯಿಂದ ಕಲಿತು, ಬಿಸ್ಕತ್ತಿನ ಪುಡಿಗೆ ಕೋಕೋ, ಸಕ್ಕರೆ, ಬೆಣ್ಣೆ ಕಲಸಿ ಉಂಡೆ ಕಟ್ಟಿದೆ. ನಾನೇ ಮಾಡಿದ ಮೊದಲ ಸಿಹಿ ಅದು. ಒಂದನ್ನು ಅಜ್ಜಿಗೆ ಒಯ್ದು, ಒಲೆ ಹಚ್ಚದೆ ಮಾಡಿದ್ದು ಎಂದೆ.

"ಒಲೆ ಅಚ್ದೆ ಅದೆಂಥ ಪಲಾರ? ಮೊಟ್ಟೆ ಗಿಟ್ಟೆ ಆಕಿದ್ದೀಯಾ?"

"ಇಲ್ಲಜ್ಜಿ, ಬರೀ ಬಿಸ್ಕತ್ತು."

"ಬರೀ ಅಂದ್ರೇನೇ ನಂಗೆ ಸಂದೇಗ."

ಉಂಡೆ ಜಗುಲಿ ಸೇರಿತು. ಅರ್ಧ ಗಂಟೆಯಾದರೂ ಒಂದು ಇರುವೆಯೂ ಸುಳಿಯಲಿಲ್ಲ. "ನೋಡ್ದಾ!" ಎಂದು ಅವಳು ಒಳಗೆ ಹೋದಳು. ನನಗೆ ಅಳುವೇ ಬಂತು. ಆಗ ಕಣ್ಣಿಗೆ ಬಿತ್ತು: ಇರುವೆ ಬಾರದಿರಲೆಂದು ಬೆಳಿಗ್ಗೆ ಅವಳೇ ಜಗುಲಿಯ ಸುತ್ತ ಅರಿಸಿನದ ಗೆರೆ ಎಳೆದಿದ್ದಳು. ಸೆರಗಿನಿಂದ ಒಂದು ಕಡೆ ಒರೆಸಿದೆ. ಸ್ವಲ್ಪ ಹೊತ್ತಿಗೇ ಇರುವೆಗಳು ಸಾಲುಗಟ್ಟಿ ಬಂದು ಉಂಡೆಯನ್ನು ಮುತ್ತಿದವು.

ಹೊರಬಂದ ಅಜ್ಜಿ ಬಗ್ಗಿ ಬಹಳ ಹೊತ್ತು ನೋಡಿದಳು. ಉಂಡೆಯನ್ನೆತ್ತಿ, ಇರುವೆ ಊದಿ, ಅರ್ಧ ಕಚ್ಚಿದಳು. ಅಗಿಯುತ್ತಲೇ ನನ್ನ ಮುಖವನ್ನು ದಿಟ್ಟಿಸಿದಳು.

"ಇವುಕ್ಕೆ ಏನು ಕೊಟ್ಟು ಕರ್ಕೊಂಡು ಬಂದೆಲೇ?"