ಬೊಟ್ಟಿಟ್ಟ ಬೋಲ್ಟು

ಮನೆಗೆ ಬೀಗ ಹಾಕಿದ ಮೇಲೆ ಅದನ್ನು ಎಳೆದು ನೋಡುವವರು ಬಹಳ ಮಂದಿ ಇದ್ದಾರೆ. ಎಳೆದು ನೋಡಿದ್ದು ನಿಜವೇ ಎಂಬ ಸಂಶಯ ಬಂದು ಗೇಟಿನಿಂದ ವಾಪಸ್ಸು ಬರುವವರು ಕಡಿಮೆ. ನಾನು ಆ ಅಲ್ಪಸಂಖ್ಯಾತರಲ್ಲಿ ಒಬ್ಬ. ಇದನ್ನು ಕಾಯಿಲೆ ಎಂದು ನನ್ನ ಹೆಂಡತಿ ಸುಮಿತ್ರ ಹೇಳುತ್ತಾಳೆ. ನಾನು ಇದನ್ನು ವಿದ್ಯಾಭ್ಯಾಸ ಎಂದು ಕರೆಯುತ್ತೇನೆ. ಮೈಸೂರಿನಲ್ಲಿ ಕಷ್ಟಪಟ್ಟು ಎಂ.ಎಸ್ಸಿ. ಮಾಡಿದ್ದೇ ಯಾರ ಮಾತನ್ನೂ ಸುಮ್ಮನೆ ನಂಬಬಾರದು ಎಂದು ಕಲಿಯುವುದಕ್ಕೆ. ಕುವೈತಿನಲ್ಲಿ ನನಗೆ ಸಿಕ್ಕ ಕೆಲಸವೂ ಅದಕ್ಕೆ ತಕ್ಕದ್ದೇ. ಕಟ್ಟಡ ಕಟ್ಟುವ ಕಂಪನಿಯವರು ಕಾಂಕ್ರೀಟು ಗಟ್ಟಿಯಾಗಿದೆ ಎನ್ನುತ್ತಿದ್ದರು. ನಾನು ಅದರ ಒಂದು ತುಂಡನ್ನು ಯಂತ್ರಕ್ಕೆ ಕೊಟ್ಟು ಪುಡಿ ಮಾಡಿ, ಹೌದು, ಗಟ್ಟಿಯಾಗಿತ್ತು ಎನ್ನುತ್ತಿದ್ದೆ.

ಹೀಗಿರುವ ಮನುಷ್ಯ ಮೋಟಾರ್ ಸೈಕಲ್ಲು ಇಟ್ಟುಕೊಳ್ಳಬಾರದು. ನಾನು ಇಟ್ಟುಕೊಂಡಿದ್ದೆ. ಖೈತಾನಿನ ನಮ್ಮ ಕಟ್ಟಡದಲ್ಲಿ ಬೈಕು ಇದ್ದದ್ದು ಇಬ್ಬರ ಬಳಿ ಮಾತ್ರ. ನೆಲಮಹಡಿಯಲ್ಲಿ ನಾನು, ನನ್ನ ನೆತ್ತಿಯ ಮೇಲಿನ ಮನೆಯಲ್ಲಿ ಲಾರೆನ್ಸ್. ಲಾರೆನ್ಸ್ ಮಂಗಳೂರಿನವನು, ಆಸ್ಪತ್ರೆಯೊಂದರ ಆಫೀಸಿನಲ್ಲಿ ಕೆಲಸ. ನಂಬಿಕೆ ಅವನ ಸ್ವಭಾವ. ಚರ್ಚನ್ನು ನಂಬುತ್ತಿದ್ದ, ಹೆಂಡತಿ ಐರಿನ್‌ಳನ್ನು ನಂಬುತ್ತಿದ್ದ, ಶುವೈಖಿನ ಬೈಕಿನ ಷೋರೂಮನ್ನು ಇವೆರಡಕ್ಕಿಂತ ಒಂದು ಗುಲಗಂಜಿ ಹೆಚ್ಚಾಗಿ ನಂಬುತ್ತಿದ್ದ.

ಆ ಷೋರೂಮಿನ ಸರ್ವಿಸಿನ ಕ್ರಮವನ್ನು ಹೇಳಬೇಕು. ನಿಮ್ಮ ಬೈಕು ಒಂದು ಗಾಜಿನ ಬಾಗಿಲಿನ ಆಚೆ ಹೋಗುತ್ತದೆ. ಆಚೆ ನಿಮಗೆ ಪ್ರವೇಶವಿಲ್ಲ. ಸಂಜೆ ಅದು ತೊಳೆದುಕೊಂಡು ಹೊರಗೆ ಬರುತ್ತದೆ, ಪ್ರತಿ ಬೋಲ್ಟಿನ ತಲೆಯ ಮೇಲೂ ಒಂದೊಂದು ಹಳದಿ ಬಣ್ಣದ ಬೊಟ್ಟು. ಬೊಟ್ಟು ಇದ್ದರೆ ಆ ಬೋಲ್ಟನ್ನು ಬಿಗಿ ಮಾಡಿದ್ದಾರೆ ಎಂದು ಅರ್ಥ. ಆಯುಧಪೂಜೆಯ ದಿನ ನಮ್ಮೂರಿನಲ್ಲಿ ಗಾಡಿಗಳಿಗೆ ಅರಿಸಿನ ಕುಂಕುಮ ಇಡುತ್ತಾರೆ. ಆದರೆ ಅದನ್ನು ಯಾರೂ ಸರ್ವಿಸ್ ಎನ್ನುವುದಿಲ್ಲ.

ಬೆಟ್ಟದ ಮೇಲೆ ಹೊಗೆಯಿದೆ, ಆದ್ದರಿಂದ ಅಲ್ಲಿ ಬೆಂಕಿಯಿದೆ ಎನ್ನುವುದು ನಮ್ಮ ತರ್ಕಶಾಸ್ತ್ರದ ಮೊದಲ ಪಾಠ. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆಂದು ಮೊದಲೇ ಗೊತ್ತಿರುವುದರಿಂದ ಆ ಊಹೆ, ಶಾಸ್ತ್ರದ ಮಾತಿನಲ್ಲಿ ಅನುಮಾನ, ಗಟ್ಟಿಯಾಗಿ ನಿಲ್ಲುತ್ತದೆ. ಬೊಟ್ಟು ಇದ್ದಲ್ಲೆಲ್ಲ ಬಿಗಿ ಇರುತ್ತದೆಂದು ಯಾರು ನೋಡಿದ್ದಾರೆ? ಬೊಟ್ಟಿನಿಂದ ಸಿದ್ಧವಾಗುವುದು ಅಲ್ಲಿ ಬಣ್ಣವಿತ್ತು ಎನ್ನುವುದಷ್ಟೆ. ಇದನ್ನು ಪರೀಕ್ಷಿಸಲು ನಾನು ಒಮ್ಮೆ ಆಯಿಲ್ ಫಿಲ್ಟರಿನ ಮುಚ್ಚಳಕ್ಕೆ ಅಡ್ಡಲಾಗಿ ನನ್ನದೇ ಒಂದು ತಲೆಗೂದಲನ್ನು ಅಂಟಿಸಿ ಸರ್ವಿಸಿಗೆ ಕೊಟ್ಟೆ. ಬೈಕು ವಾಪಸ್ಸು ಬಂದಾಗ ಕೂದಲು ಅಲ್ಲೇ ಇತ್ತು. ಅದರ ಮೇಲೆ ಹಳದಿ ಬೊಟ್ಟೂ ಇತ್ತು.

ಲಾರೆನ್ಸ್‌ಗೆ ತೋರಿಸಿದೆ. ಅವನು ಕಣ್ಣು ಕಿರಿದು ಮಾಡಿ ನೋಡಿದ.

"ಇದು ಅದೇ ಕೂದಲು ಅಂತ ಎಂತ ಗ್ಯಾರಂಟಿ ಮಾರಾಯ? ನೋಡ್ಲಿಕ್ಕೆ ಬಗ್ಗಿದಾಗ ಉದುರಿರ್ಬಹುದು. ನಿಂದು ಹೇಗೂ ಉದುರ್ತಾ ಉಂಟಲ್ಲ."

ನಾನು ವಾದಿಸಬಹುದಿತ್ತು. ಆದರೆ ಕೂದಲನ್ನು ನಿಜವಾಗಿ ಅಂಟಿಸಿದೆನೋ, ಅಂಟಿಸಬೇಕು ಎಂದುಕೊಂಡು ಹಾಗೆಯೇ ಸರ್ವಿಸಿಗೆ ಕೊಟ್ಟೆನೋ ಎಂದು ಅಷ್ಟರಲ್ಲೇ ನನಗೆ ಸಂಶಯ ಹುಟ್ಟಿತ್ತು. ಪ್ರತ್ಯಕ್ಷ, ಅನುಮಾನ, ನಂಬಿಗಸ್ತರ ಮಾತು ಇವನ್ನೆಲ್ಲ ಪ್ರಮಾಣವೆಂದು ಒಪ್ಪಿದ ನಮ್ಮ ಹಳೆಯ ತಾರ್ಕಿಕರು ನೆನಪನ್ನು ಮಾತ್ರ ಹೊರಗಿಟ್ಟರು. ಅವರ ಪೈಕಿ ಯಾರೋ ನನ್ನಂತೆಯೇ ಗೇಟಿನಿಂದ ವಾಪಸ್ಸು ಬರುತ್ತಿದ್ದಿರಬೇಕು.

ಅಂದಿನಿಂದ ನನ್ನ ಬೈಕಿನ ಸರ್ವಿಸ್ ನಾನೇ ಮಾಡುವುದು ಎಂದು ನಿರ್ಧರಿಸಿದೆ. ತೊಂಬತ್ತರ ಬೇಸಿಗೆಯಲ್ಲಿ ಸುಮಿತ್ರ ಮಕ್ಕಳನ್ನು ಕರೆದುಕೊಂಡು ರಜೆಗೆ ಮೈಸೂರಿಗೆ ಹೋದಳು. ಅವಳ ವಿಮಾನ ಏರಿದ್ದು ಖಚಿತವಾದ ಮೇಲೆ ನಾನು ಬೈಕನ್ನು ಹಾಲಿಗೆ ತಂದು, ಅವಳ ಹಳೆಯ ಬೆಡ್‌ಶೀಟಿನ ಮೇಲೆ ಬಿಚ್ಚಿದೆ. ಬಿಚ್ಚುವುದು ಬಹಳ ಸುಲಭ. ಜುಲೈ ಮುಗಿಯುವ ಹೊತ್ತಿಗೆ ಇನ್ನು ಬಿಚ್ಚುವುದಕ್ಕೆ ಏನೂ ಉಳಿದಿರಲಿಲ್ಲ. ಅದೇ ವಾರ ಲಾರೆನ್ಸ್ ತನ್ನ ಬೈಕನ್ನು ಷೋರೂಮಿಗೆ ಕೊಟ್ಟು, "ನೋಡುವ ಯಾರದ್ದು ಮೊದಲು ರಸ್ತೆಗೆ ಬರ್ತದೆ ಅಂತ" ಎಂದು ಸವಾಲು ಹಾಕಿದ.

ಆಗಸ್ಟಿನ ಆರಂಭದಲ್ಲಿ ನಾವು ಏಳುವ ಹೊತ್ತಿಗೆ ರಸ್ತೆಯಲ್ಲಿ ಬೇರೆ ದೇಶದ ಟ್ಯಾಂಕುಗಳಿದ್ದವು. ಮುಂದಿನದು ನಿಮಗೆ ಗೊತ್ತಿರುವುದೇ. ಷೋರೂಮಿನ ಗಾಜಿನ ಬಾಗಿಲು ಕೊನೆಗೂ ಎಲ್ಲರಿಗೂ ತೆರೆಯಿತು, ಗಾಜೇ ಇಲ್ಲದೆ. ಒಳಗಿದ್ದ ಬೈಕುಗಳೆಲ್ಲ ಬಾಗ್ದಾದಿನ ದಾರಿ ಹಿಡಿದು ಉತ್ತರಕ್ಕೆ ಹೋದವು, ಲಾರೆನ್ಸ್‌ನದೂ. ನಮ್ಮ ಬೀದಿಯ ಕಾರುಗಳೂ ಒಂದೊಂದಾಗಿ ಹೋದವು. ಮನೆಮನೆ ನೋಡಲು ಬಂದ ಇಬ್ಬರು ಸೈನಿಕರು ನನ್ನ ಹಾಲಿನ ಬಾಗಿಲಲ್ಲಿ ನಿಂತು ಬೆಡ್‌ಶೀಟನ್ನು ನೋಡಿದರು. ಒಬ್ಬ ನನ್ನ ಕಡೆ ತಿರುಗಿ ತಲೆ ಅಲ್ಲಾಡಿಸಿದ. ನನ್ನ ಮನೆಯನ್ನು ಆಗಲೇ ಯಾರೋ ದೋಚಿದ್ದಾರೆಂದು ಅವನು ಭಾವಿಸಿದಂತಿತ್ತು.

ನಮ್ಮವರಿಗೆ ಊರಿನ ವಿಮಾನ ಸಿಗುತ್ತಿದ್ದ ಅಮ್ಮಾನಿಗೆ ಬಸ್ಸುಗಳು ಹೊರಡತೊಡಗಿದಾಗ ಲಾರೆನ್ಸ್ ನನ್ನನ್ನೂ ಸೇರಿಸಿ ಒಂದರಲ್ಲಿ ಜಾಗ ಹಿಡಿದ. ನಾಳಿದ್ದು ಬೆಳಿಗ್ಗೆ ಹೊರಡಬೇಕು. ಆಗ ಐರಿನ್ ಕೆಳಗೆ ಬಂದಳು. ಅವಳ ತಮ್ಮ ಫೆಲಿಕ್ಸ್ ವಫ್ರಾದ ಒಂದು ತೋಟದಲ್ಲಿ ಪಂಪುಗಳನ್ನು ನೋಡಿಕೊಂಡು ಅಲ್ಲೇ ಇದ್ದ. ವಫ್ರಾ ದಕ್ಷಿಣದ ತುದಿ, ಸೌದಿ ಗಡಿಯ ಹತ್ತಿರ. ತೋಟದ ಫೋನು ಸತ್ತಿತ್ತು. ಒಳ್ಳೆಯ ದಿನಗಳಲ್ಲೇ ಆ ಕಡೆ ಬಸ್ಸು ಅಪರೂಪ.

"ಅವನನ್ನು ಬಿಟ್ಟು ನಾನು ಬಸ್ಸು ಹತ್ತುವುದಿಲ್ಲ" ಎಂದಳು. "ನೀವಿಬ್ಬರು ಬೇಕಾದ್ರೆ ಹೋಗಿ, ಅಮ್ಮಾನಲ್ಲಿ ಸರ್ವಿಸ್ ಬಗ್ಗೆ ಮಾತಾಡಿಕೊಂಡಿರಿ."

ಬಳಿಕ ಅವಳು ಬೆಡ್‌ಶೀಟಿನ ಕಡೆ ನೋಡಿದಳು. ನಾವೂ ನೋಡಿದೆವು.

ಆ ಬೆಳಿಗ್ಗೆಯೇ ಜೋಡಿಸಲು ಕುಳಿತೆವು. ಇಲ್ಲಿ ನನ್ನ ವಿದ್ಯಾಭ್ಯಾಸ ಅಡ್ಡ ಬಂತು. ನಾನು ಒಂದು ಬೋಲ್ಟನ್ನು ಬಿಗಿ ಮಾಡಿ ಮುಂದಿನದಕ್ಕೆ ಹೋಗುತ್ತಿದ್ದೆ. ಹೋದೊಡನೆ ಹಿಂದಿನದನ್ನು ಬಿಗಿ ಮಾಡಿದೆನೇ ಎಂಬ ಪ್ರಶ್ನೆ. ವಾಪಸ್ಸು ಬಂದು ಇನ್ನೊಂದು ಸುತ್ತು. ಕ್ಲಚ್ಚಿನ ಮುಚ್ಚಳದ ಬೋಲ್ಟಿಗೆ ಹೀಗೆ ಎಷ್ಟು ಸಲ ಮರಳಿದೆನೋ, ಅದು ಟಕ್ಕೆಂದು ಕತ್ತು ಮುರಿದುಕೊಂಡು ನನ್ನ ಕೈಗೆ ಬಂತು. ನಂಬಿಕೆಯಿಂದ ಬೋಲ್ಟುಗಳು ಸಡಿಲವಾಗುತ್ತವೆ ಎಂದು ಬಹಳ ದಿನದಿಂದ ಹೇಳಿಕೊಂಡು ಬಂದಿದ್ದೆ. ಸಂಶಯದಿಂದ ಮುರಿಯುತ್ತವೆ ಎನ್ನುವುದು ಹೊಸ ಶೋಧ. ಬದಲಿ ಬೋಲ್ಟು ತರೋಣವೆಂದರೆ ಷೋರೂಮು ಬಾಗ್ದಾದಿನಲ್ಲಿತ್ತು.

"ಇನ್ನೊಂದು ಮುರಿದ್ರೆ ಖಲಾಸ್" ಎಂದ ಲಾರೆನ್ಸ್. "ನೀನು ಟೈಟ್ ಮಾಡು. ನಾನು ಬೊಟ್ಟು ಇಡ್ತೇನೆ. ಬೊಟ್ಟು ಬಿದ್ದದ್ದನ್ನು ನೀನು ಮುಟ್ಲಿಕ್ಕಿಲ್ಲ. ಸತ್ತರೂ ಮುಟ್ಲಿಕ್ಕಿಲ್ಲ."

ಮನೆಯಲ್ಲಿ ಹಳದಿ ಬಣ್ಣವಿರಲಿಲ್ಲ. ದೇವರ ಗೂಡಿನಿಂದ ಸುಮಿತ್ರಳ ಕುಂಕುಮದ ಭರಣಿ ತಂದೆ. ಎಣ್ಣೆ ಜಿಡ್ಡಿನ ಮೇಲೆ ಅದು ಕರಗಿ ಹರಿದು, ಎಂಜಿನ್ನಿಗೆ ಗಾಯವಾದಂತೆ ಕಂಡಿತು. ಐರಿನ್ ಮೇಲೆ ಹೋಗಿ ತನ್ನ ಕೆಂಪು ನೇಲ್ ಪಾಲಿಶಿನ ಬಾಟಲಿ ತಂದು ಗಂಡನ ಕೈಗೆ ಕೊಟ್ಟಳು. ಹೀಗೆ ನಾನು ಜೀವಮಾನವಿಡೀ ಹಾಸ್ಯ ಮಾಡಿದ್ದ ವಿಧಿ ನನ್ನ ಹಾಲಿನಲ್ಲೇ ಸಾಂಗವಾಗಿ ನಡೆಯಿತು. ನಾನು ತಿರುಗಿಸುವುದು, ಲಾರೆನ್ಸ್ ಬೊಟ್ಟಿಡುವುದು. ನಡುವೆ ಚೈನು ಎಷ್ಟು ಸಡಿಲವಿರಬೇಕೆಂದು ನಮಗೆ ದೊಡ್ಡ ಜಗಳವೂ ಆಯಿತು. ಸಂಜೆಯೊಳಗೆ ಬೈಕು ನಿಂತಿತು, ಒದ್ದರೆ ಕೂಗಿತು. ಕೂಗು ಮಾತ್ರ ಬೈಕಿನದಾಗಿರಲಿಲ್ಲ. ಹಿಟ್ಟಿನ ಗಿರಣಿಯೊಳಗೆ ಯಾರೋ ಗೋಲಿ ಸುರಿದಂತಿತ್ತು.

ಯಾರು ಹೋಗುವುದು ಎಂಬ ಚರ್ಚೆಯನ್ನು ಐರಿನ್ ನನ್ನ ಕಡೆ ಕೈ ತೋರಿಸಿ ಮುಗಿಸಿದಳು. "ಶ್ರೀಧರಣ್ಣ ಹೋಗ್ಲಿ. ಇವರು ಚೆಕ್‌ಪೋಸ್ಟಿನಲ್ಲಿ ಸಹ ಫ್ರೆಂಡ್ಸ್ ಮಾಡ್ಲಿಕ್ಕೆ ನೋಡ್ತಾರೆ."

ಮಾರನೆಯ ಬೆಳಿಗ್ಗೆ ಬಿಸಿಲೇರುವ ಮೊದಲೇ ಹೊರಟೆ. ಊರು ದಾಟಿದ ಮೇಲೆ ಬರೀ ಮರಳು, ನಾನು, ಗೋಲಿಗಳ ಸದ್ದು. ಹಿಂದಿನ ಚಕ್ರದ ಹತ್ತಿರ, ಎಂಜಿನ್ನನ್ನು ಚೌಕಟ್ಟಿಗೆ ಹಿಡಿದಿಡುವ ಒಂದು ದೊಡ್ಡ ಬೋಲ್ಟು ಇದೆ. ಅದನ್ನು ಬಿಗಿ ಮಾಡಿದ ನೆನಪೇ ನನಗಿಲ್ಲ ಎಂದು ಆಗ ಹೊಳೆಯಿತು. ನಿಲ್ಲಿಸಿ ಬಗ್ಗಿ ನೋಡಿದೆ. ಕೆಂಪು ಬೊಟ್ಟು, ಉಳಿದವಕ್ಕಿಂತ ದುಂಡಗೆ, ಅಚ್ಚುಕಟ್ಟಾಗಿ ಕೂತಿತ್ತು. ಸ್ಪ್ಯಾನರು ಜೇಬಿನಲ್ಲಿತ್ತು. ಒಂದು ಸುತ್ತು ತಿರುಗಿಸಿದರೆ ಸಂಶಯ ಹೋಗುತ್ತದೆ. ಅದರ ಜೊತೆ ಬೋಲ್ಟಿನ ಕತ್ತೂ ಹೋದರೆ, ಫೆಲಿಕ್ಸನೂ ಅವನ ಅಕ್ಕನೂ ಇಲ್ಲೇ ಉಳಿಯುತ್ತಾರೆ. ಸ್ಪ್ಯಾನರನ್ನು ಹೊರಗೆ ತೆಗೆದೆ. ಮತ್ತೆ ಒಳಗೆ ಹಾಕಿದೆ. ಲಾರೆನ್ಸ್ ಇಟ್ಟಿದ್ದಾನೆ ಎಂದುಕೊಂಡು ಹತ್ತಿದೆ. ಯಾರದೋ ಕೆಲಸವನ್ನು ನೋಡದೆ ಒಪ್ಪಿಕೊಂಡದ್ದು ನನ್ನ ಜೀವನದಲ್ಲಿ ಅದೇ ಮೊದಲು. ಅಥವಾ ನೆನಪಿರುವಂತೆ ಮೊದಲು.

ಫೆಲಿಕ್ಸ್ ತೋಟದ ಶೆಡ್ಡಿನ ಮುಂದೆ ನಿಂತಿದ್ದ. "ಸದ್ದು ಕೇಳಿ ನಾನು ಪಂಪು ಹಾಳಾಯ್ತು ಅಂತ ಓಡಿ ಬಂದದ್ದು" ಎಂದ. ಹೋಗುವಾಗ ಚೆಕ್‌ಪೋಸ್ಟಿನಲ್ಲಿ ಕೈಬೀಸಿ ಬಿಟ್ಟಿದ್ದರು. ಬರುವಾಗ ನಮ್ಮಿಬ್ಬರನ್ನೂ ಇಳಿಸಿದರು. ಒಬ್ಬ ಸೈನಿಕ ಬೈಕು ತನಗೆ ಬೇಕೆಂದು ಹತ್ತಿ ಕೂತು ಒದ್ದ. ಬೈಕು ಕೂಗಿತು, ನಡುಗಿತು, ಅವನ ಟೊಪ್ಪಿಗೆ ಕೆಳಗೆ ಬಿತ್ತು. ಅವನು ಇಳಿದ.

"ಖರ್ಬಾನ್" ಎಂದ. ಕೆಟ್ಟುಹೋಗಿದೆ ಎಂದು ಅರ್ಥ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಕನಿಕರದಿಂದ, "ಯಲ್ಲಾ, ಹೋಗು" ಎಂದ. ನನ್ನ ಸರ್ವಿಸಿಗೆ ಸಿಕ್ಕ ಏಕೈಕ ಲಾಭ ಅದು. ಷೋರೂಮಿನಲ್ಲಿ ಮಾಡಿಸಿದ್ದರೆ ನಾವು ಅಲ್ಲಿಂದ ನಡೆದು ಬರಬೇಕಿತ್ತು.

ಯಾರಿಗೂ ಬೇಡವಾಗಲೆಂದು ಬೈಕಿನ ಮುಂದಿನ ಚಕ್ರ ಬಿಚ್ಚಿ ಹಾಲಿನಲ್ಲೇ ಬಿಟ್ಟು, ಮರುದಿನ ನಾವು ನಾಲ್ವರೂ ಬಸ್ಸು ಹತ್ತಿದೆವು. ಬಸ್ಸಿನ ಮೆಟ್ಟಿಲಿನಿಂದ ನಾನು ಬೀಗ ನೋಡಿಬರಲು ಒಮ್ಮೆ ಇಳಿದೆ ಎಂದು ಲಾರೆನ್ಸ್ ಹೇಳುತ್ತಾನೆ. ನನಗೆ ನೆನಪಿಲ್ಲ.

ತೊಂಬತ್ತೊಂದರಲ್ಲಿ ಕೆಲಸಕ್ಕೆ ಮರಳಿದಾಗ ಆಕಾಶದಲ್ಲಿ ಇನ್ನೂ ತೈಲಬಾವಿಗಳ ಹೊಗೆ. ಅಲ್ಲಿ ಬೆಂಕಿ ಇದೆಯೆಂದು ತಿಳಿಯಲು ಯಾರಿಗೂ ತರ್ಕಶಾಸ್ತ್ರ ಬೇಕಿರಲಿಲ್ಲ. ನನ್ನ ಮನೆಯಿಂದ ಫ್ರಿಜ್ಜು, ಟೀವಿ, ಪರದೆಗಳು, ಬೀಗ ಸಮೇತ ಬಾಗಿಲು ಹೋಗಿದ್ದವು. ಬೈಕನ್ನು ಯಾರೂ ಮುಟ್ಟಿರಲಿಲ್ಲ. ಷೋರೂಮು ಹೊಸ ಗಾಜು ಹಾಕಿಸಿಕೊಂಡು ಮತ್ತೆ ತೆರೆದಾಗ, ಲಾರೆನ್ಸ್‌ನ ಒತ್ತಾಯಕ್ಕೆ ಚಕ್ರ ಹಾಕಿ ಅದನ್ನು ಅಲ್ಲಿಗೆ ಒಯ್ದೆ. ಅಲ್ಲಿನವನು ಸುತ್ತ ಬಂದು ನೋಡಿದ. ಅವನ ಮುಖ ಅರಳಿತು.

"ಅರೆ ಭಾಯಿ, ಇದನ್ನು ಬಿಚ್ಚುವುದು ಏನೂ ಬೇಡ. ಎಲ್ಲಾ ಬೋಲ್ಟಿಗೂ ಮಾರ್ಕ್ ಇದೆ. ಕೆಂಪು ಅಂದ್ರೆ ಯಾರೋ ದೊಡ್ಡ ಮೇಸ್ತ್ರಿಯೇ ಕೂತು ಮಾಡಿದ್ದಾರೆ."

ಸಂಜೆ ಬೈಕು ತೊಳೆದುಕೊಂಡು ಬಂತು. ಪ್ರತಿ ಕೆಂಪು ಬೊಟ್ಟಿನ ಪಕ್ಕದಲ್ಲೂ ಒಂದು ಹಳದಿ ಬೊಟ್ಟಿತ್ತು.

ರಾತ್ರಿ ಊಟಕ್ಕೆ ಲಾರೆನ್ಸ್‌ನ ಮನೆಯಲ್ಲಿ ಸೇರಿದಾಗ ಆ ದೊಡ್ಡ ಬೋಲ್ಟಿನ ವಿಷಯ ತೆಗೆದೆ. ಅವತ್ತು ಮರಳುಗಾಡಿನಲ್ಲಿ ನಿನ್ನ ಬೊಟ್ಟನ್ನು ನಂಬಿ ಸ್ಪ್ಯಾನರನ್ನು ಒಳಗೆ ಹಾಕಿದೆ ಎಂದೆ. ಲಾರೆನ್ಸ್ ತುತ್ತನ್ನು ಕೆಳಗಿಟ್ಟ.

"ಅಲ್ಲಿಗೆ ನಾನು ಬೊಟ್ಟು ಇಡ್ಲೇ ಇಲ್ವಲ್ಲ ಮಾರಾಯ."

"ಅದು ನಾನಿಟ್ಟದ್ದು" ಎಂದಳು ಐರಿನ್, ಫೆಲಿಕ್ಸನ ತಟ್ಟೆಗೆ ಇನ್ನಷ್ಟು ಮೀನು ಬಡಿಸುತ್ತ. "ನೀವಿಬ್ಬರೂ ಚೈನಿಗೆ ಜಗಳ ಮಾಡ್ತಾ ಇದ್ರಿ. ಅದೊಂದು ಖಾಲಿ ಉಳಿದಿತ್ತು, ನೋಡ್ಲಿಕ್ಕೆ ಚಂದ ಇರ್ಲಿಲ್ಲ."

"ಬಿಗಿ ಮಾಡಿ ಇಟ್ಟಿರಾ?"

"ಬಿಗಿ ಮಾಡುವುದು ನಿಮ್ಮ ಕೆಲಸ ಅಲ್ವಾ ಶ್ರೀಧರಣ್ಣ?"

ಫೆಲಿಕ್ಸ್ ಒಂದು ಕ್ಷಣ ಅಗಿಯುವುದನ್ನು ನಿಲ್ಲಿಸಿದ. ಆಮೇಲೆ ಮುಂದುವರಿಸಿದ.

ಊಟವಾದ ಮೇಲೆ ಸ್ಪ್ಯಾನರು ಹಿಡಿದು ಬೈಕಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತೆ. ಬೋಲ್ಟಿನ ಮೇಲೆ ಕೆಂಪು, ಹಳದಿ ಎರಡೂ ಇದ್ದವು, ನಿಜವಾದ ಅರಿಸಿನ ಕುಂಕುಮದಂತೆ. ಅದು ತಿರುಗಿದರೆ, ವಫ್ರಾದಿಂದ ಆ ಹುಡುಗನನ್ನು ಕರೆತಂದದ್ದು ಒಂದು ಹನಿ ನೇಲ್ ಪಾಲಿಶ್ ಎಂದಾಗುತ್ತದೆ. ತಿರುಗದಿದ್ದರೆ, ವರ್ಷದ ತುಕ್ಕು ಹಿಡಿದಿದೆ ಎಂದಷ್ಟೇ ಆಗುತ್ತದೆ. ಎರಡರಲ್ಲಿ ಯಾವುದನ್ನು ತಿಳಿದರೂ ನನ್ನ ವಿದ್ಯೆಗೆ ಲಾಭವಿರಲಿಲ್ಲ.

ಎದ್ದು ಮನೆಯೊಳಗೆ ಬಂದೆ. ಹೊಸ ಬಾಗಿಲಿನ ಹೊಸ ಬೀಗ ಹಾಕಿ ಎಳೆದು ನೋಡಿದೆ, ಒಂದೇ ಸಲ. ಮೇಜಿನ ಮೇಲೆ, ಬೈಕಿನಂತೆ ದೋಚಿದವರು ಬಿಟ್ಟುಹೋಗಿದ್ದ ಐರಿನ್‌ಳ ಹಳೆಯ ಬಾಟಲಿ ಇತ್ತು. ಅದರ ತಳದಲ್ಲಿ ಒಂದಿಷ್ಟು ಪಾಲಿಶ್ ಇನ್ನೂ ಒಣಗದೆ ಉಳಿದಿತ್ತು. ಬೀಗಕ್ಕೆ ಒಂದು ಬೊಟ್ಟಿಟ್ಟು ಮಲಗಿದೆ. ಚೆನ್ನಾಗಿ ನಿದ್ದೆ ಬಂತು.