ಚಿಕ್ಕಪ್ಪನ ಹಡಗು

ಮೊನ್ನೆ ತಿಪಟೂರಿನಿಂದ ಹೊನ್ನವಳ್ಳಿಗೆ ಹೋಗುವ ಬಸ್ಸಿನಲ್ಲಿ ಪಕ್ಕದವರ ಚೀಲದಿಂದ ಒಣಸೀಗಡಿಯ ವಾಸನೆ ಬಂತು. ನಮ್ಮ ತೆಂಗಿನ ಸೀಮೆಗೆ ಸಮುದ್ರ ಬರುವುದೇ ಹೀಗೆ, ಒಣಗಿ, ಸಂತೆಯ ಮೂಲಕ. ನನಗೆ ಕೆಂಚಪ್ಪ ಚಿಕ್ಕಪ್ಪ ನೆನಪಾದ.

ಅವನ ವಿಷಯ ನಿಮಗೆ ಹೇಳಬೇಕು. ಮದುವೆಯಾದ ಹೊಸದರಲ್ಲಿ ನಮ್ಮಪ್ಪನ ಜೊತೆ ಜಗಳವಾಡಿ ಮನೆ ಬಿಟ್ಟವನು, ಎಷ್ಟೋ ವರ್ಷದ ಮೇಲೆ ಮರಳಿ, ಸರಕು ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದೆ ಎಂದ. ಬಿಂದಿಗೆ ಮುಳುಗುವಷ್ಟು ನೀರು ಕಂಡರೆ ಪೂಜೆ ಮಾಡುವ ನಮ್ಮವರು ಇದನ್ನು ಹೇಗೆ ನಂಬಬೇಕು? ಮುಂಬಯಿಯಲ್ಲಿ ಇನ್ನೊಂದು ಸಂಸಾರವಿತ್ತು ಎಂದು ಊರು ತೀರ್ಮಾನಿಸಿತು. ಕಾಣದ ಆ ಹೆಂಗಸಿಗೆ ನಾನೂ ಮನಸ್ಸಿನಲ್ಲೇ ಒಂದು ಹೆಸರಿಟ್ಟುಕೊಂಡಿದ್ದೆ. ಗೌರಮ್ಮ ಚಿಕ್ಕಮ್ಮ ಮಾತ್ರ ಏನನ್ನೂ ಕೇಳಲಿಲ್ಲ. ಅವನು ಹಡಗು ಎಂದರೆ ಸಾಕು, ಎದ್ದು ಹಸುವಿಗೆ ಹುಲ್ಲು ಹಾಕಲು ಹೋಗುತ್ತಿದ್ದಳು. ಕ್ರಮೇಣ ಅವನೂ ಹೇಳುವುದನ್ನು ಬಿಟ್ಟ.

ಹೋದ ವರ್ಷ ಅವರಿಬ್ಬರನ್ನೂ ಧರ್ಮಸ್ಥಳಕ್ಕೆ ಕರೆದುಕೊಂಡು ಹೋದವನು, ಹಾಗೇ ಕಡಲು ನೋಡಿ ಬರೋಣವೆಂದು ಕರಾವಳಿಗಿಳಿದೆ. ಬಿಸಿಲು ತಾಳದೆ ದಾರಿಯಲ್ಲಿ ಸಿಕ್ಕ ಪುಟ್ಟ ಕಡಲ ಮ್ಯೂಸಿಯಂ ಹೊಕ್ಕೆವು. ಹಂಚಿನ ಮನೆ, ಎರಡೇ ಕೋಣೆ. ಲಂಗರು, ದಿಕ್ಸೂಚಿ, ಗಾಜಿನೊಳಗೆ ಆಟಿಕೆಯಂಥ ಹಡಗುಗಳು. ನಾನು ಫಲಕಗಳನ್ನೆಲ್ಲ ಓದಿದೆ. ಓದಬಲ್ಲೆ ಎಂಬ ಜಂಬವೇ ಹೊರತು ತಲೆಗೆ ಏನೂ ಹೋಗಲಿಲ್ಲ.

ಒಳಕೋಣೆಯಲ್ಲಿ ಹಳೆಯ ಹಡಗೊಂದರ ಅಡುಗೆಮನೆಯನ್ನೇ ಬಿಚ್ಚಿ ತಂದು ಜೋಡಿಸಿದ್ದರು. ಕಬ್ಬಿಣದ ಒಲೆ, ಅದರ ಅಂಚಿಗೆ ಸುತ್ತಲೂ ಕಂಬಿ.

"ಒಲೆಗ್ಯಾಕೆ ಬೇಲಿ ಹಾಕವ್ರೆ?" ಎಂದಳು ಚಿಕ್ಕಮ್ಮ, ಯಾರನ್ನೂ ಕೇಳದಂತೆ.

"ಹಡಗು ವಾಲ್ದಾಗ ಪಾತ್ರೆ ಜಾರ್ಬಾರ್ದು ಅಂತ ಕಣೇ."

ಚಿಕ್ಕಪ್ಪನ ಕೈ ಆಗಲೇ ಕಂಬಿಯ ಮೇಲಿತ್ತು. ಕಾಲು ಅಗಲಿಸಿ, ಮೊಣಕಾಲು ತುಸು ಬಗ್ಗಿಸಿ, ಸೊಂಟವನ್ನು ಒಲೆಗೆ ಆನಿಸಿ ನಿಂತಿದ್ದ. ನೆಲ ಗಟ್ಟಿಯಾಗಿಯೇ ಇತ್ತು. ಅವನ ಮೈ ಮಾತ್ರ ತಾನಾಗಿ ಅತ್ತಿತ್ತ ತೂಗುತ್ತಿತ್ತು. ಅವನಿಗೆ ಅದರ ಅರಿವೂ ಇದ್ದಂತಿರಲಿಲ್ಲ.

ಚಿಕ್ಕಮ್ಮ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಕೇಳಿದಳು: "ಭಯ ಆಗ್ತಿರ್ಲಿಲ್ವ?"

"ಮೊದ್ಲು ಆಗ್ತಿತ್ತು. ಆಮೇಲೆ ಊರಿಗೆ ಬರೋಕೇ ಭಯ ಆಯ್ತು."

"ಅದನ್ನ ಆವತ್ತೇ ಹೇಳ್ಬೋದಿತ್ತಲ್ಲ."

"ನೀನು ಹುಲ್ಲು ಹಾಕೋಕೆ ಹೋಗ್ತಿದ್ದೆ."

ಅವಳು ನಗಲಿಲ್ಲ. ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತು, ಇನ್ನೊಬ್ಬರ ಜಾಗವನ್ನು ಸೆರಗಿನಿಂದ ಒರೆಸಿದಳು. "ಬನ್ನಿ, ಕೂತ್ಕೊಂಡು ಹೇಳಿ." ನಾನು ಹೊರಗೆ ಬಂದು ಎಳನೀರಿನವನ ಬಳಿ ನಿಂತೆ. ಅವರು ಬರುವಷ್ಟರಲ್ಲಿ ಮ್ಯೂಸಿಯಂ ಬಾಗಿಲು ಹಾಕುವ ಹೊತ್ತಾಗಿತ್ತು.

ಮೊನ್ನೆ ಹೊನ್ನವಳ್ಳಿಯಲ್ಲಿ ಬಸ್ಸು ಇಳಿದು ನಾನು ಅವರ ಮನೆಗೇ ಹೋದೆ. ಜಗಲಿಯಲ್ಲಿ ಚಿಕ್ಕಮ್ಮ ಪಕ್ಕದ ಮನೆಯವಳಿಗೆ ವಿವರಿಸುತ್ತಿದ್ದಳು: "ಬಿರುಗಾಳಿ ಎದ್ರೆ ಸಾರು ಮಾಡೋಕಾಗಲ್ಲ ಕಣೇ. ಒಣ ರೊಟ್ಟಿನೇ ಗತಿ."

"ನೀನು ಕಂಡಿದ್ಯ?" ಎಂದಳು ಆಕೆ.

"ನಮ್ಮನೆಯವ್ರು ಹೇಳವ್ರೆ," ಎಂದಳು ಚಿಕ್ಕಮ್ಮ. ಒಳಗಿದ್ದ ಚಿಕ್ಕಪ್ಪನಿಗೆ ಅದು ಕೇಳಿಸಿತೋ ಇಲ್ಲವೋ. ನಾನು ಚಪ್ಪಲಿ ಬಿಟ್ಟು ಅವರ ಪಕ್ಕ ಕೂತೆ. ಮೊದಲಿನಿಂದ ಹೇಳಬೇಕೆಂದು ಚಿಕ್ಕಮ್ಮನನ್ನು ಕೇಳಿದೆ.